ಗುಂಡು ಒಳಗೆ ಹೋಯ್ತು ಅಂದ್ರೆ ಅಳತೆ ಸರಿ ಅಂತಲ್ಲ

ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ನಮ್ಮ ಕಡೆ ಹಂದಿ ಕಾಟ ಶುರುವಾಗುತ್ತೆ. ಮಳೆ ಕೈಕೊಟ್ಟ ವರ್ಷ ಹಾಕಿದ ಬೀಜವಾದರೂ ವಾಪಸ್ಸು ಬಂದರೆ ಸಾಕು ಅಂತ ಕಾಯ್ತಾ ಇರುವ ಬೆಳೆಯನ್ನು ಒಂದೇ ರಾತ್ರಿಯಲ್ಲಿ ನೇಗಿಲು ಹೊಡೆದ ಹಾಗೆ ಉತ್ತು ಹೋಗ್ತವೆ. ಹಾಗಾಗಿ ಬಯಲುಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಬೆಳೆ ಕಾವಲಿನ ಲೈಸೆನ್ಸಿನ ಬಂದೂಕು ಇದೆ. ನಮ್ಮ ಮನೆಯಲ್ಲೂ ಅಪ್ಪನ ಕಾಲದ ಒಂದು ಕೇಪಿನ ಬಂದೂಕು ಇದೆ.

1959ರ ಆಯುಧ ಕಾಯ್ದೆಯಲ್ಲೇ ಬೆಳೆ ಕಾಯುವವನಿಗೆ ಬಾಯಿಂದ ಮದ್ದು ತುಂಬಿಸುವ ಬಂದೂಕಿನ ಮಾತಿದೆ. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ ತೋಟಾ ಹಾಕುವ ಬಂದೂಕಿಗೂ ಲೈಸೆನ್ಸ್ ಕೊಡಬಹುದು. ಎರಡೂ ಒಳಗೆ ನುಣುಪು ನಳಿಗೆಯವು. ಲೈಸೆನ್ಸ್ ಇದೆ ಅಂತ ಪ್ರಾಣಿಗೆ ಹೊಡೆಯುವ ಹಾಗಿಲ್ಲ. ಹಂದಿಗೂ ಸಹ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಲಿಖಿತ ಅಪ್ಪಣೆ ಬೇಕು. ನಮ್ಮಲ್ಲಿ ಬಹಳ ಜನ ಸದ್ದಿಗೇ ಬಳಸೋದು. ಅಪ್ಪಣೆ ಪಡೆದವರು ಮಾತ್ರ ಗುಂಡು ಹಾಕ್ತಾರೆ. ಆ ಗುಂಡು ನಳಿಗೆಗಿಂತ ಒಂಚೂರು ದಪ್ಪ ಇದ್ದರೆ ಏನಾಗುತ್ತೆ ಅನ್ನುವುದೇ ಈ ಸಲದ ಪಾಠ. ನೋಡೋಕೆ ಸಣ್ಣ ಪ್ರಶ್ನೆ. ಆದರೆ ಎಡಗೈ ಬೆರಳು, ಬಲಗಣ್ಣು ಎರಡೂ ಅದರ ಮೇಲೆ ನಿಂತಿವೆ.

ನನಗಿದನ್ನು ಹೇಳಿಕೊಟ್ಟವರು ಸೇನೆಯಲ್ಲಿ ಬಂದೂಕು ರಿಪೇರಿ ಕೆಲಸದಲ್ಲಿದ್ದು, ನಿವೃತ್ತರಾಗಿ ಪಕ್ಕದ ಊರಲ್ಲಿ ಹೊಲ ಮಾಡ್ತಿರುವ ಹವಾಲ್ದಾರರು. ನಾನು ಓದಿದ್ದು ಏಳನೇ ಕ್ಲಾಸು. ನನ್ನ ತಲೆಗೆ ಹೋಗುವ ಹಾಗೆ ಅವರು ಹೇಳಿದ್ದನ್ನೇ ಇಲ್ಲಿ ಬರೀತಿದ್ದೇನೆ.

ಮದ್ದು ಮೋಟಾರಿನ ಹಾಗಲ್ಲ

ಬೋರ್‌ವೆಲ್ಲಿನ ಡೆಲಿವರಿ ಪೈಪಿನ ವಾಲ್ವು ಮುಚ್ಚಿ ಮೋಟಾರು ಚಾಲೂ ಮಾಡಿದರೆ ಏನಾಗುತ್ತೆ? ಒಳಗೆ ಒತ್ತಡ ಏರಿ ಎಲ್ಲಿ ಜಾಯಿಂಟು ದುರ್ಬಲವೋ ಅಲ್ಲಿ ಕಿತ್ತುಕೊಂಡು ಹೋಗುತ್ತೆ. ಆದರೂ ಅಲ್ಲೊಂದು ಮಿತಿ ಇದೆ. ಪಂಪಿಗೆ ಎಷ್ಟು ತಳ್ಳುವ ಶಕ್ತಿಯೋ ಅಷ್ಟೇ ಒತ್ತಡ. ಪೈಪು ಕಟ್ಟಿದೆ ಅಂತ ಅದು ಸಿಟ್ಟಿನಿಂದ ಇನ್ನೂ ಜೋರಾಗಿ ತಳ್ಳೋದಿಲ್ಲ.

ರೈಫಲ್ ತೋಟಾದಲ್ಲಿ ಹಾಕುವ ಹೊಗೆಯಿಲ್ಲದ ಮದ್ದಿನ ಗುಣ ಇದಕ್ಕೆ ತದ್ವಿರುದ್ಧ. ಸುತ್ತ ಒತ್ತಡ ಏರಿದಷ್ಟೂ ಅದು ಬೇಗ ಬೇಗ ಉರಿಯುತ್ತೆ. ಬೇಗ ಉರಿದಷ್ಟೂ ಒತ್ತಡ ಇನ್ನೂ ಏರುತ್ತೆ. ಗುಂಡು ಸಲೀಸಾಗಿ ಮುಂದಕ್ಕೆ ಜಾರಿದರೆ ಹಿಂದೆ ಜಾಗ ದೊಡ್ಡದಾಗಿ ಒತ್ತಡ ಹತೋಟಿಗೆ ಬರುತ್ತೆ. ಗುಂಡು ಬಿಗಿಯಾಗಿ ಹೊರಡಲು ಕಣ್ಣುಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಮ್ಮಿ ಹೊತ್ತು ತಡ ಮಾಡಿದರೂ ಸಾಕು, ಆ ಬೆಂಕಿ ಏರುತ್ತಲೇ ಹೋಗುತ್ತೆ. ಗುಂಡಿನ ದಪ್ಪದಲ್ಲಿ ಕೂದಲೆಳೆ ವ್ಯತ್ಯಾಸ ಆದರೂ ಒತ್ತಡದಲ್ಲಿ ಆಗುವ ವ್ಯತ್ಯಾಸ ದೊಡ್ಡದು ಅನ್ನೋದಕ್ಕೆ ಕಾರಣ ಇದೇ.

ರೈಫಲ್ಲಿನವರು ಕಲಿತ ಪಾಠ

ಈ ಅಳತೆ ವಿಷಯದಲ್ಲಿ ಹೆಚ್ಚು ಪೆಟ್ಟು ತಿಂದು ಹೆಚ್ಚು ಕಲಿತವರು ರೈಫಲ್ ಬಳಸುವವರು. ರೈಫಲ್ಲಿನ ನಳಿಗೆ ನಮ್ಮದರ ಹಾಗೆ ನುಣುಪಲ್ಲ. ಒಳಗೆ ತಿರುಚಿದ ಗಾಡಿಗಳು ಕೊರೆದಿರುತ್ತವೆ. ಗುಂಡು ಆ ಗಾಡಿಯ ತಳದ ಅಳತೆಗೆ ಸರಿಯಾಗಿದ್ದು, ಉಬ್ಬಿದ ಏಣುಗಳು ಅದನ್ನು ಕಚ್ಚಿ ತಿರುಗಿಸಿ ಕಳಿಸುತ್ತವೆ. ಅಂದರೆ ಸರಿ ಅಳತೆಯ ಗುಂಡೇ ಅಲ್ಲಿ ಬಿಗಿ. ಅದರ ಮೇಲೆ ಇನ್ನಷ್ಟು ದಪ್ಪ ಆದರೆ ಕೇಳೋದೇ ಬೇಡ. ಮೆತ್ತನೆ ಸೀಸದ ಗುಂಡು ಒಂಚೂರು ಹಿಂಡಿಕೊಂಡು ಹೋದೀತು. ತಾಮ್ರದ ಹೊದಿಕೆಯ ಗುಂಡು ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ.

ಅಮೆರಿಕದಲ್ಲಿ ಹಾರಿಸಿದ ಹಿತ್ತಾಳೆ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಿಸಿಕೊಳ್ಳುವವರು ಬಹಳ ಮಂದಿ. ಅಲ್ಲಿ ಅದಕ್ಕೆ ಅವಕಾಶ ಇದೆ. ಸಣ್ಣ ಪ್ರೆಸ್ಸು, ತಕ್ಕಡಿ, ಅಳತೆ ಪುಸ್ತಕ ಎಲ್ಲ ಸಿಗುತ್ತೆ. ಅಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಹೆಸರಿನಿಂದ. ನಮ್ಮ ಪೊಲೀಸರ ಹೆಗಲ ಮೇಲೆ ನೋಡಿದ್ದೇವಲ್ಲ, ಆ .303 ರೈಫಲ್ಲು, ಅದರ ಗುಂಡಿನ ದಪ್ಪ 303 ಅಲ್ಲ. ಇಂಚನ್ನು ಸಾವಿರ ಭಾಗ ಮಾಡಿದರೆ 311ರಿಂದ 312 ಭಾಗ. ಅಮೆರಿಕದ .30 ಅನ್ನುವ ರೈಫಲ್ಲುಗಳ ಗುಂಡು 308 ಭಾಗ. ಮೂರು ನಾಲ್ಕು ಭಾಗ ಜಾಸ್ತಿ ಇದ್ದರೇನಂತೆ, ಕೈಯಲ್ಲಿರುವ ಗುಂಡು ವೇಸ್ಟ್ ಆಗದಿರಲಿ ಅನ್ನುವ ಆಸೆ ಎಲ್ಲ ದೇಶದಲ್ಲೂ ಒಂದೇ.

ಇದಕ್ಕಿಂತ ಹಳೆಯ ದೊಡ್ಡ ಉದಾಹರಣೆ ಜರ್ಮನಿಯದ್ದು. 1888ರಲ್ಲಿ ಅವರ ಸೈನ್ಯ ಒಪ್ಪಿಕೊಂಡ ರೈಫಲ್ಲಿನ ಗುಂಡು ಇಂಚಿನ ಸಾವಿರ ಭಾಗದಲ್ಲಿ 318. 1905ರಲ್ಲಿ ಚೂಪು ಮೂತಿಯ ಹೊಸ ಗುಂಡು ತಂದರು, ಅದು 323. ವ್ಯತ್ಯಾಸ ಎಷ್ಟು? ಐದು ಭಾಗ, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ಬರೆಯುವ ಪುಸ್ತಕದ ಒಂದು ಹಾಳೆಗಿಂತ ತುಸು ದಪ್ಪ, ಅಷ್ಟೇ. ಇಷ್ಟಕ್ಕೇ ಅವರು ಹಳೆಯ ರೈಫಲ್ಲುಗಳನ್ನು ಹೊಸ ಗುಂಡಿಗೆ ತಕ್ಕ ಹಾಗೆ ತಿದ್ದಿ, ತಿದ್ದಿದ್ದರ ಮೇಲೆ ಎಸ್ ಅಂತ ಗುರುತು ಹೊಡೆಯಬೇಕಾಯ್ತು. ಎರಡಕ್ಕೂ ಜನ 8 ಮಿ.ಮೀ. ಅಂತಲೇ ಹೆಸರು ಹೇಳ್ತಾರೆ. ಗುರುತಿಲ್ಲದ ಹಳೇ ರೈಫಲ್ಲು ಯಾರ ಕೈಯಲ್ಲಿರುತ್ತೋ ಅನ್ನುವ ಭಯಕ್ಕೆ ಅಮೆರಿಕದ ಕಂಪನಿಗಳು ಈ ತೋಟಾವನ್ನು ಇವತ್ತಿಗೂ ಯುರೋಪಿನವರಿಗಿಂತ ಬಹಳ ಕಮ್ಮಿ ಒತ್ತಡಕ್ಕೆ ತುಂಬಿಸ್ತವೆ. ಒಂದು ಹಾಳೆ ದಪ್ಪಕ್ಕೆ ಇಷ್ಟು ಹೆದರಿಕೆ!

ಇನ್ನೊಂದು ಅಪಾಯ ಹೊರಗೆ ಕಾಣೋದಿಲ್ಲ. ಗುಂಡು ದಪ್ಪ ಆದರೆ ಅದನ್ನು ಹಿಡಿದಿರುವ ತೋಟಾದ ಕತ್ತೂ ದಪ್ಪ ಆಗುತ್ತೆ. ಹಾರುವಾಗ ಆ ಕತ್ತು ಒಂಚೂರು ಅಗಲಿಸಿ ಗುಂಡನ್ನು ಬಿಡಬೇಕು. ಸುತ್ತ ಜಾಗವೇ ಇಲ್ಲದಿದ್ದರೆ ಎಲ್ಲಿ ಅಗಲಿಸುತ್ತೆ? ಗುಂಡಿನ ಕತ್ತು ಹಿಸುಕಿ ಹಿಡಿದ ಹಾಗೆ. ಹವಾಲ್ದಾರರ ಲೆಕ್ಕದಲ್ಲಿ ನಳಿಗೆಯ ಬಿಗಿಗಿಂತ ಈ ಕತ್ತಿನ ಬಿಗಿಯೇ ಹೆಚ್ಚು ಕೆಟ್ಟದ್ದು. ಮೊದಲು ಖಾಲಿ ತೋಟಾ ಎಳೆಯೋಕೆ ಬಾರದೆ ಕಚ್ಚಿಕೊಳ್ಳುತ್ತೆ, ಆಮೇಲೆ ಅದರ ಹಿಂದಿನ ಕೇಪು ಚಪ್ಪಟೆ ಆಗುತ್ತೆ ಇಲ್ಲವೇ ಉದುರುತ್ತೆ. ಮುಂದಿನ ಹಂತದಲ್ಲಿ ಬಿಸಿ ಗಾಳಿ, ಹಿತ್ತಾಳೆ ಚೂರು ಮುಖಕ್ಕೇ ಬರುತ್ತೆ.

"ಏನೂ ಆಗಲಿಲ್ವಲ್ಲ" ಅನ್ನುವವರಿಗೆ

ಇದಕ್ಕೆ ಉಲ್ಟಾ ಒಂದು ಕಥೆಯೂ ಇದೆ. ಮುಚ್ಚಿಟ್ಟರೆ ನ್ಯಾಯ ಅಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ರೈಫಲ್ ಸಂಘದ ಪತ್ರಿಕೆಯಲ್ಲಿ ಬಂದದ್ದು. ಜಪಾನಿನ 6.5 ಮಿ.ಮೀ. ಅರಿಸಾಕಾ ರೈಫಲ್ಲಿನ ತೋಟಾ ಕೂರುವ ಜಾಗವನ್ನು ಮಾತ್ರ ಒಬ್ಬ ಕೊರೆದು ದೊಡ್ಡದು ಮಾಡಿ, ನಳಿಗೆ ಹಾಗೇ ಬಿಟ್ಟು, .30 ತೋಟಾ ಹಾರಿಸಿದ್ದ. ಗುಂಡು ನಳಿಗೆಗಿಂತ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪ! ರೈಫಲ್ಲು ಒಡೆಯಲಿಲ್ಲ. ಹೆಗಲಿಗೆ ಒದೆತ ಜಾಸ್ತಿ ಅನ್ನೋದೊಂದೇ ಅವನ ದೂರು.

ಇದನ್ನೇ ಹಿಡಿದುಕೊಂಡು ವಾದ ಮಾಡುವವರು ಇದ್ದಾರೆ. ಆದರೆ ಎರಡು ವಿಷಯ ನೋಡಿ. ಅವನು ಕೊರೆದಾಗ ತೋಟಾದ ಕತ್ತಿಗೂ ಜಾಗ ಆಗಿತ್ತು. ಅದು ಅಗಲಿಸಿ ಗುಂಡನ್ನು ಬಿಟ್ಟಿತು. ಜೊತೆಗೆ, ಹಳೇ ಸೈನ್ಯದ ರೈಫಲ್ಲುಗಳನ್ನು ಬೇಕಂತಲೇ ಒಡೆಯುವ ತನಕ ಪರೀಕ್ಷೆ ಮಾಡಿದ ಪಿ. ಓ. ಆ್ಯಕ್ಲಿ ಅನ್ನುವ ಅಮೆರಿಕದ ಬಂದೂಕು ತಜ್ಞರು ಅತಿ ಗಟ್ಟಿ ಅಂತ ಕಂಡುಕೊಂಡದ್ದು ಈ ಅರಿಸಾಕಾವನ್ನೇ. ಸಾಲಲ್ಲಿ ಎಲ್ಲಕ್ಕಿಂತ ಗಟ್ಟಿ ಎತ್ತು ಕೆಸರಿಂದ ಗಾಡಿ ಎಳೆದು ತಂದಿತು ಅಂತ ನಮ್ಮ ಬಡಕಲು ಎತ್ತನ್ನು ಅದೇ ಕೆಸರಿಗೆ ಇಳಿಸ್ತೀವಾ? ನಮ್ಮ ಅಟ್ಟದ ಮೇಲಿನ ಬಂದೂಕು, ಅಜ್ಜನ ಕಾಲದ ಕಬ್ಬಿಣ, ಒಳಗೆ ಎಲ್ಲೆಲ್ಲಿ ತುಕ್ಕು ತಿಂದಿದೆಯೋ ದೇವರೇ ಬಲ್ಲ.

ಈಗ ನಮ್ಮ ಕೇಪಿನ ಬಂದೂಕಿಗೆ ಬರೋಣ

ನಮ್ಮಲ್ಲಿ ತೋಟಾ ತುಂಬಿಸುವ ಹವ್ಯಾಸ ಇಲ್ಲ. ನಮ್ಮ ಲೈಸೆನ್ಸು ಇಟ್ಟುಕೊಳ್ಳುವುದಕ್ಕೆ. ಮದ್ದುಗುಂಡು ತಯಾರಿಸುವುದಕ್ಕೆ ಕಾನೂನಿನಲ್ಲಿ ಬೇರೆಯೇ ಲೈಸೆನ್ಸು. ಆದರೆ ಬಾಯಿಂದ ತುಂಬಿಸುವ ಬಂದೂಕಿನಲ್ಲಿ ಪ್ರತಿ ಈಡನ್ನೂ ನಾವೇ ಕೈಯಾರೆ ಕೂರಿಸಬೇಕು. ಹಾಗಾಗಿ ದಪ್ಪ ಗುಂಡಿನ ಅಪಾಯ ನಮಗೂ ತಪ್ಪಿದ್ದಲ್ಲ. ಅದರ ರೂಪ ಮಾತ್ರ ಬೇರೆ.

ಇಲ್ಲಿ ಕರಿಮದ್ದು. ಇದರಲ್ಲಿ ಗುಂಡು ನಳಿಗೆಗಿಂತ ಸಣ್ಣದಾಗಿಯೇ ಇರಬೇಕು, ಸುತ್ತ ಬಟ್ಟೆ ಚೂರೋ ಬೆಂಡೋ ಸೇರಿ ಹದವಾಗಿ ಇಳಿಯಬೇಕು. ಗಜದಿಂದ ಒತ್ತಿದಾಗ ಗುಂಡು ಮದ್ದಿನ ಮೇಲೆ ಹೋಗಿ ಕೂರಬೇಕು. ಮಧ್ಯೆ ಖಾಲಿ ಜಾಗ ಉಳಿಯಬಾರದು. ಇದು ಎಲ್ಲಕ್ಕಿಂತ ಮುಖ್ಯ. ದಪ್ಪ ಗುಂಡು ಮಾಡುವ ಅನಾಹುತ ಇಲ್ಲೇ. ಬಾಯಲ್ಲಿ ಹೇಗೋ ತುರುಕಿದರೆ ಹೋಗುತ್ತೆ, ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತೆ. ಕತ್ತಲಲ್ಲಿ, ಹಂದಿ ಸದ್ದು ಕೇಳ್ತಿರುವಾಗ, ತಳ ಸೇರಿತು ಅಂತ ತಿಳಿದು ಕೇಪು ಹಾಕಿ ಹಾರಿಸಿದರೆ, ತಳದಲ್ಲಿ ಹುಟ್ಟಿದ ಗಾಳಿ ಖಾಲಿ ಜಾಗದಲ್ಲಿ ವೇಗ ತೆಗೆದುಕೊಂಡು ಬಂದು ನಿಂತ ಗುಂಡಿಗೆ ಗುದ್ದುತ್ತೆ. ಗುಂಡು ಆಗ ಗುಂಡಲ್ಲ, ಬೂಚು. ನಳಿಗೆ ಅದೇ ಜಾಗದಲ್ಲಿ ಬಳೆ ತೊಡಿಸಿದ ಹಾಗೆ ಉಬ್ಬುತ್ತೆ, ಇಲ್ಲವೇ ಸೀಳುತ್ತೆ. ಎಡಗೈ ಇರೋದು ಸರಿಯಾಗಿ ಅಲ್ಲೇ.

ನಮ್ಮ ಹೋಬಳಿಯ ಒಬ್ಬ ರೈತರ ಬಂದೂಕು ಹೀಗೆ ಉಬ್ಬಿದ್ದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಾಯಿಂದ ಒಂದೂವರೆ ಗೇಣು ಕೆಳಗೆ, ಬೆರಳಾಡಿಸಿದರೆ ಸಿಗುವ ಉಂಗುರ. ಅವರ ಕೈಗೆ ಏನೂ ಆಗಲಿಲ್ಲ. ಗುಂಡು ತಂದದ್ದು ಪಕ್ಕದ ಮನೆಯ ಅಚ್ಚಿನಿಂದ. ಇಬ್ಬರ ಬಂದೂಕೂ ಒಂದೇ ಊರಿನ ಕೆಲಸದವರು ಮಾಡಿದ್ದು, ಹಾಗಾಗಿ ಅಳತೆ ಒಂದೇ ಅಂತ ಅವರ ನಂಬಿಕೆ. ಹಳೇ ಕೈಕೆಲಸದ ಬಂದೂಕಿಗೆ ಕಾರ್ಖಾನೆ ಅಳತೆ ಎಲ್ಲಿಂದ ಬರಬೇಕು? ಒಂದೊಂದೂ ಒಂದೊಂದು ಅಳತೆ. ಅಚ್ಚು ಬಂದೂಕಿನ ಜೊತೆಗೇ ಇರಬೇಕು. ಸೀರೆ ಸಾಲ ಕೊಡಬಹುದು, ಅಚ್ಚು ಸಾಲ ಕೊಡೋಕಾಗಲ್ಲ.

ಗುಂಡು ದಪ್ಪ ಆಗಲು ಅಚ್ಚೇ ಕಾರಣ ಆಗಬೇಕಿಲ್ಲ. ಸೀಸ ಹುಯ್ದ ಜಾಗದಲ್ಲಿ ಉಳಿಯುವ ಬಾಲ ಒಂದು ಸಾಕು. ಅದನ್ನು ಕತ್ತರಿಸಿ ಅರದಿಂದ ಉಜ್ಜದಿದ್ದರೆ ಗುಂಡು ಅಡ್ಡ ತಿರುಗಿದಾಗ ಅಷ್ಟು ದಪ್ಪವೇ. ಬಟ್ಟೆಯೂ ಹಾಗೆ. ಹಳೇ ಪಂಚೆ ಚೂರಲ್ಲಿ ಸಲೀಸಾಗಿ ಇಳಿಯುವ ಗುಂಡು ಜೀನ್ಸ್ ಪ್ಯಾಂಟಿನ ಚೂರಲ್ಲಿ ಇಳಿಯೋದಿಲ್ಲ. ಇನ್ನು ಕರಿಮದ್ದಿನ ಮಸಿ. ಅದು ಪ್ರತಿ ಈಡಿಗೂ ನಳಿಗೆಯಲ್ಲಿ ಗಟ್ಟಿಯಾಗಿ ಅಂಟುತ್ತೆ. ಮೊದಲ ಸಲ ಹದವಾಗಿ ಇಳಿದ ಗುಂಡು ಮೂರನೇ ಸಲಕ್ಕೆ ಬಿಗಿ. ಗುಂಡು ಬೆಳೆದಿಲ್ಲ, ನಳಿಗೆ ಸಣ್ಣದಾಗಿದೆ. ಎರಡು ಈಡಿಗೊಮ್ಮೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ ಆಡಿಸಿ. ಒದ್ದೆ ಬಟ್ಟೆ ಹಾಕುವುದರಿಂದ ಒಳಗೆ ಕಿಡಿ ಉಳಿದಿದ್ದರೆ ಅದೂ ಆರುತ್ತೆ, ಮುಂದಿನ ಮದ್ದು ಸುರಿಯುವ ಕೈ ಉಳಿಯುತ್ತೆ.

ಸೈಕಲ್ ಬೇರಿಂಗಿನ ಉಕ್ಕಿನ ಗುಂಡು, ಕಬ್ಬಿಣದ ಚೂರು ಹಾಕುವವರೂ ಇದ್ದಾರೆ ಅಂತ ಕೇಳಿದ್ದೇನೆ. ಸೀಸ ಆದರೆ ಸಿಕ್ಕಿಕೊಂಡಾಗ ತಾನು ಬಗ್ಗುತ್ತೆ. ಉಕ್ಕು ಬಗ್ಗೋದಿಲ್ಲ, ಬಗ್ಗಬೇಕಾದದ್ದು ನಳಿಗೆಯೇ.

ಗುಂಡು ತಳ ಸೇರಿದೆಯೋ ಇಲ್ಲವೋ ಕತ್ತಲಲ್ಲೂ ತಿಳಿಯುವ ಉಪಾಯ ಒಂದಿದೆ. ಬಂದೂಕು ಖಾಲಿ ಇರುವಾಗ ಗಜವನ್ನು ತಳದ ತನಕ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಕೊರೆಯಿರಿ. ನೀವು ಯಾವಾಗಲೂ ಹಾಕುವ ಈಡು ಸರಿಯಾಗಿ ಕೂತಿರುವಾಗ ಇನ್ನೊಂದು ಗೆರೆ. ತುಂಬಿಸಿದ ಮೇಲೆ ಎರಡನೇ ಗೆರೆ ಬಾಯಿಗಿಂತ ಮೇಲೇ ನಿಂತರೆ ಗುಂಡು ತಳ ಸೇರಿಲ್ಲ, ಕೇಪು ಹಾಕಬೇಡಿ. ವರ್ಷದಿಂದ ಮೂಲೆಯಲ್ಲಿದ್ದ ಬಂದೂಕಿನಲ್ಲಿ ಹಳೇ ಈಡು ಇದೆಯೋ ಅನ್ನೋದನ್ನೂ ಈ ಗೆರೆಯೇ ಹೇಳುತ್ತೆ. ಈಡಿನ ಮೇಲೆ ಈಡು ಹಾಕಿ ಕೈ ಕಳಕೊಂಡವರು ಇದ್ದಾರೆ.

ತೋಟಾ ಬಂದೂಕಿನವರು ನೋಡಬೇಕಾದ್ದು

ತೋಟಾ ಬಂದೂಕಿನಲ್ಲಿ ಅಂಗಡಿಯ ತೋಟಾ ಹಾಕುವವರಿಗೆ ಈ ಚಿಂತೆ ಕಮ್ಮಿ, ಇಲ್ಲ ಅಂತಲ್ಲ. 12 ಬೋರ್ ಅಂದರೆ ನಳಿಗೆ ಅಗಲದ ಸೀಸದ ಗುಂಡು ಒಂದು ಪೌಂಡಿಗೆ 12 ಬರುತ್ತವೆ ಅಂತ ಅರ್ಥ. 20 ಬೋರ್ ಅಂದರೆ 20 ಬರುತ್ತವೆ. ಹಾಗಾಗಿ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12ರದ್ದು ಸುಮಾರು 18.5 ಮಿ.ಮೀ., 20ರದ್ದು 15.6. ಇದು ಗೊತ್ತಿಲ್ಲದವರಿಗೆ 20 ದೊಡ್ಡದು ಅನ್ನಿಸೋದು ಸಹಜ.

12 ಬೋರಿನ ಬಂದೂಕಿಗೆ 20ರ ತೋಟಾ ಹಾಕಿದರೆ ಅದು ಜಾರಿ ಮುಂದೆ ಹೋಗಿ, ನಳಿಗೆ ಕಿರಿದಾಗುವ ಜಾಗದಲ್ಲಿ ಕೂತುಬಿಡುತ್ತೆ. ಹಿಂದಿನಿಂದ ನೋಡಿದರೆ ಖಾಲಿ ಹಾಗೇ ಕಾಣುತ್ತೆ. ಮರೆತೆನೇನೋ ಅಂತ ಹಿಂದೆ 12ರದ್ದನ್ನು ಹಾಕಿ ಹಾರಿಸಿದರೆ ಮುಗೀತು. ಅಮೆರಿಕದಲ್ಲಿ 20ರ ತೋಟಾಕ್ಕೆ ಹಳದಿ ಬಣ್ಣ ಮೀಸಲಿಟ್ಟಿರುವುದು ಇದಕ್ಕೇ. ಮನೆಯಲ್ಲಿ ಎರಡು ಬೋರಿನ ತೋಟಾ ಒಂದೇ ಡಬ್ಬಿಯಲ್ಲಿ ಇಡಬೇಡಿ. ಅಣ್ಣತಮ್ಮಂದಿರ ಬಂದೂಕು ಬೇರೆ ಬೇರೆ ಬೋರಿನದಾದರೆ ಚೀಲವೂ ಬೇರೆ ಇರಲಿ.

ಉದ್ದದ್ದೂ ಹೀಗೆ. ತೋಟಾದ ಮೇಲೆ 65 ಮಿ.ಮೀ. ಅಥವಾ 70 ಮಿ.ಮೀ. ಅಂತ ಇರುತ್ತೆ. ಅದು ಹಾರಿಸಿ ಬಾಯಿ ಬಿಚ್ಚಿದ ಮೇಲಿನ ಉದ್ದ. ಮಡಿಸಿರುವಾಗ 70ರದ್ದೂ 65ರ ಜಾಗದಲ್ಲಿ ಆರಾಮಾಗಿ ಕೂರುತ್ತೆ, ಬಂದೂಕು ಮುಚ್ಚುತ್ತೆ. ಹಾರುವಾಗ ಮಡಿಕೆ ಬಿಚ್ಚಿಕೊಂಡು ಮುಂದಿನ ಕಿರಿದಾದ ಜಾಗಕ್ಕೆ ಚಾಚುತ್ತೆ, ದಾರಿ ಇನ್ನೂ ಸಣ್ಣದಾಗುತ್ತೆ, ಚರೆಯೆಲ್ಲ ಹಿಂಡಿಕೊಂಡು ಹೋಗಬೇಕು. ಇಂಗ್ಲಿಷರ ಕಾಲದ ಹಳೇ ಬಂದೂಕುಗಳಲ್ಲಿ ಬಹಳಷ್ಟು 65ರವು. ನಳಿಗೆಯ ಬುಡ ಬಿಚ್ಚಿದಾಗ ಕಾಣುವ ಕೊರೆದ ಗುರುತು ನೋಡಿ. ಅರ್ಥ ಆಗದಿದ್ದರೆ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯವರಿಗೆ ತೋರಿಸಿ. "ಎಲ್ಲ ಒಂದೇ ಹಾಕಿ ಸಾರ್" ಅನ್ನುವ ಅಂಗಡಿಯವರೂ ಸಿಗ್ತಾರೆ. ಅಂಥವರ ಹತ್ತಿರ ಏನನ್ನೂ ಕೊಳ್ಳದೆ ಎದ್ದು ಬನ್ನಿ.

ಒಂಟಿ ಗುಂಡಿನ ತೋಟಾ ಬಳಸುವವರಿಗೆ ಒಂದು ಮಾತು. ಕೆಲವು ನಳಿಗೆ ಬಾಯಿಯ ಹತ್ತಿರ ಬೇಕಂತಲೇ ಕಿರಿದಾಗಿರುತ್ತೆ, ಚೋಕ್ ಅಂತಾರೆ. ಪೂರ್ತಿ ಚೋಕ್ ಇದ್ದರೆ ಸುಮಾರು ಒಂದು ಮಿಲಿಮೀಟರು ಕಮ್ಮಿ. ಕಾರ್ಖಾನೆಯವರು ಇದನ್ನು ದಾಟುವ ಹಾಗೆ ಗುಂಡು ಸಣ್ಣದು ಮಾಡಿರ್ತಾರೆ. ಆ ಗುಂಡನ್ನು ತೆಗೆದು ಬೇರೆ ಹಾಕುವ ಬುದ್ಧಿವಂತಿಕೆ ಯಾರೂ ಮಾಡಬಾರದು. ಬುಡದಲ್ಲಿ ಸಲೀಸಾಗಿ ಹೊರಟ ಗುಂಡು ಬಾಯಲ್ಲಿ ಸಿಕ್ಕಿಕೊಳ್ಳುತ್ತೆ.

ಇದೇ ಜಾತಿಯ ಇನ್ನೊಂದು: ಚುನಾವಣೆ ಬಂದಾಗಲೆಲ್ಲ ಬಂದೂಕು ಠಾಣೆಗೆ ಒಪ್ಪಿಸ್ತೇವೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತೆ. ಮನೆಯ ಮೂಲೆಯಲ್ಲಿಟ್ಟರೂ ಅಷ್ಟೇ. ಕುಂಬಾರ ಹುಳಕ್ಕೆ ನಳಿಗೆಯಂಥ ಒಳ್ಳೇ ಗೂಡು ಇನ್ನೊಂದಿಲ್ಲ; ಒಳಗೆ ಮಣ್ಣು ಮೆತ್ತಿ ಮುಚ್ಚಿಬಿಡುತ್ತೆ. ಆಗ ಸರಿ ಅಳತೆಯ ಗುಂಡೂ ದಪ್ಪ ಗುಂಡೇ. ವಾಪಸ್ಸು ತಂದ ದಿನ ತೋಟಾ ಬಂದೂಕಾದರೆ ಬುಡ ಬಿಚ್ಚಿ ಆಕಾಶಕ್ಕೆ ಹಿಡಿದು ನೋಡಿ, ಬೆಳಕು ದುಂಡಗೆ ಕಾಣಬೇಕು. ಕೇಪಿನದ್ದಾದರೆ ಗಜದ ಮೊದಲ ಗೆರೆ ನೋಡಿ.

ಸಿಕ್ಕಿಕೊಂಡರೆ

ಕೇಪಿನ ಬಂದೂಕಿನಲ್ಲಿ ಗುಂಡು ಅರ್ಧದಲ್ಲಿ ನಿಂತರೆ "ಹಾರಿಸಿಬಿಟ್ಟರೆ ಹೋಗುತ್ತೆ" ಅನ್ನುವ ಮಾತನ್ನು ಯಾರು ಹೇಳಿದರೂ ಕೇಳಬೇಡಿ. ಕೇಪು ಹಾಕಿದ್ದರೆ ಬಾಯಿಯನ್ನು ಯಾರೂ ಇಲ್ಲದ ಕಡೆ ಹಿಡಿದು ಮೊದಲು ಅದನ್ನು ತೆಗೆಯಿರಿ. ಗಜದ ತಲೆಗೆ ಸುತ್ತಿಗೆಯಿಂದ ಬಡಿಯಬೇಡಿ, ನಳಿಗೆ ಕಾಯಿಸಬೇಡಿ, ಮುಖ ಕೈ ಬಾಯಿಯ ನೇರಕ್ಕೆ ತರಬೇಡಿ. ಕೇಪು ಕೂರುವ ತೂತಿನಿಂದ ನಿಧಾನಕ್ಕೆ ನೀರು ಬಿಟ್ಟು ಮದ್ದು ನೆನೆಯಲು ಬಿಡಿ. ನೆಂದಿದೆ ಅಂತ ನಂಬಿಕೊಂಡು ಕೂರಬೇಡಿ, ಅದು ಇನ್ನೂ ತುಂಬಿದ ಬಂದೂಕೇ. ಹೊತ್ತಾರೆ ಲೈಸೆನ್ಸ್ ಪುಸ್ತಕ ಜೊತೆಗಿಟ್ಟುಕೊಂಡು ಅಂಗಡಿಯವರಿಗೆ ಫೋನ್ ಮಾಡಿ, ತುಂಬಿದ ಬಂದೂಕು, ಗುಂಡು ಇಂತಿಷ್ಟು ಗೇಣಿನಲ್ಲಿ ಸಿಕ್ಕಿದೆ ಅಂತ ಮೊದಲೇ ಹೇಳಿ, ತರೋದು ಹೇಗೆ ಅಂತ ಕೇಳಿ. ಬಸ್ಸಿನಲ್ಲಿ ತರಬೇಡಿ. ಗುಂಡು ತೆಗೆದ ಮೇಲೆ ನಳಿಗೆಯನ್ನು ಉದ್ದಕ್ಕೂ ಬೆರಳಿಂದ ಸವರಿ, ಎಲ್ಲಾದರೂ ಉಬ್ಬು ಸಿಕ್ಕಿದರೆ ಆ ನಳಿಗೆಯಲ್ಲಿ ಸದ್ದಿನ ಈಡನ್ನೂ ಹಾಕಬೇಡಿ. ನಾನು ಮೇಲೆ ಹೇಳಿದ ರೈತರ ಬಂದೂಕು ಈಗ ಅಂಗಡಿಯವರ ಹತ್ತಿರವೇ ಇದೆ. ಅವರ ಹೊಲದ ಸುತ್ತ ಈ ವರ್ಷ ಹಳೇ ಸೀರೆ ಕಟ್ಟಿದ್ದಾರೆ, ರಾತ್ರಿ ಇಬ್ಬರು ಮಕ್ಕಳು ಡಬ್ಬ ಬಡೀತಾರೆ.